ಗೀಳಿನವರಿಗೆ ಊರಿನಲ್ಲೊಂದು ಜಾಗ

(ಹಾಸನದಲ್ಲಿ ಶಿಕ್ಷಕರು, ಪೋಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

1980ರ ಫೆಬ್ರುವರಿ 16ರ ಮಧ್ಯಾಹ್ನ ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡಲತೀರವನ್ನು ದಾಟಿ, ಹುಬ್ಬಳ್ಳಿಯ ಮೇಲೆ ಹಾದು, ರಾಯಚೂರಿನ ಕಡೆಗೆ ಸಾಗಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಶಿಬಿರ ಹೂಡಿ ದೂರದರ್ಶಕಗಳನ್ನು ಅಣಿಗೊಳಿಸಿಕೊಂಡಿದ್ದರು. ಆದರೆ ನೆರಳು ಹಾದುಹೋದ ಊರುಗಳಲ್ಲೂ ಹಾದುಹೋಗದ ಊರುಗಳಲ್ಲೂ ಬಹುಪಾಲು ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ದೇಶದ ದೊಡ್ಡ ನಗರಗಳ ಬೀದಿಗಳೂ ಅಂದು ಬಿಕೋ ಎನ್ನುತ್ತಿದ್ದವು. ಮೂವತ್ತೊಂಬತ್ತು ವರ್ಷಗಳ ಮೇಲೆ, 2019ರ ಡಿಸೆಂಬರ್ 26ರ ಬೆಳಿಗ್ಗೆ, ಕಂಕಣ ಗ್ರಹಣದ ಪಥ ಮಂಗಳೂರಿನ ಮೇಲೂ ಕೊಡಗಿನ ದಕ್ಷಿಣದ ಅಂಚಿನ ಮೇಲೂ ಹಾದುಹೋಯಿತು. ಆಗ ಕುಟ್ಟದ ಕಡೆಗೆ ಬೇರೆ ಬೇರೆ ಊರುಗಳಿಂದ ಜನ ಹೊರಟುಬಂದರು. ಹಾಸನದಲ್ಲಿ ಸೂರ್ಯನ ಬಹುಭಾಗ ಮರೆಯಾಗಿತ್ತು. ಇಲ್ಲಿಯೂ ಸೌರ ಕನ್ನಡಕ ಹಿಡಿದು ಮೈದಾನಕ್ಕೆ ಬಂದವರಿದ್ದರು, ಹಾಗೆಯೇ ಮನೆಯೊಳಗೇ ಉಳಿದು, ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಊಟಕ್ಕೆ ಕುಳಿತವರೂ ಇದ್ದರು.

ಈ ನಡುವೆ ನಾವೆಲ್ಲ ವೈಜ್ಞಾನಿಕ ಮನೋಭಾವದವರಾಗಿಬಿಟ್ಟೆವು ಎಂದು ನಾನು ಹೇಳುವುದಿಲ್ಲ. ಆದ ಬದಲಾವಣೆ ಅದಕ್ಕಿಂತ ಚಿಕ್ಕದು, ಆದರೆ ನನ್ನ ಮಟ್ಟಿಗೆ ಅಷ್ಟೇ ಮುಖ್ಯವಾದದ್ದು. 1980ರಲ್ಲಿ ಆಕಾಶ ನೋಡಲು ಹೊರಬಂದ ಹುಡುಗ ಊರಿಗೆ ಆತಂಕದ ವಿಷಯವಾಗಿದ್ದ. 2019ರಲ್ಲಿ ಅಂಥವನ ಬಳಿಗೆ ಅಕ್ಕಪಕ್ಕದ ಮನೆಯವರು ಹೋಗಿ ಕನ್ನಡಕ ಕೇಳಿದರು. ಒಂದೇ ವಿಷಯದಲ್ಲಿ ಮುಳುಗಿಹೋಗುವ, ಅದರ ಕೊನೆಯ ವಿವರದವರೆಗೂ ತಿಳಿದುಕೊಳ್ಳದೆ ಬಿಡದ, ಕೇಳುವವರು ಸಿಕ್ಕರೆ ಗಂಟೆಗಟ್ಟಲೆ ಅದನ್ನೇ ಹೇಳುವ ಸ್ವಭಾವದವರನ್ನು ಈಗ ಗೀಕ್ ಎನ್ನುತ್ತೇವೆ. ಕಂಪ್ಯೂಟರು, ನಕ್ಷತ್ರ, ಕಾಮಿಕ್ಸ್, ಅನಿಮೆ ಎಂಬ ಜಪಾನಿನ ಕಾರ್ಟೂನ್ ಚಿತ್ರಗಳು, ವಿಡಿಯೊ ಗೇಮ್, ಹವ್ಯಾಸಿ ರೇಡಿಯೊ, ಪತಂಗ, ಕಪ್ಪೆ, ಹಳೆಯ ನಾಣ್ಯ, ಹೀಗೆ ಗೀಳು ಯಾವುದೇ ಇರಲಿ, ಅವರ ಕುರಿತು ನಮ್ಮ ಸಮಾಜದ ನೋಟ ಕಳೆದ ನಾಲ್ಕು ದಶಕಗಳಲ್ಲಿ ಮೃದುವಾಗಿದೆ. ಇದು ಸಂತೋಷದ ಸಂಗತಿ. ಆದರೆ ಈ ಮನ್ನಣೆ ಯಾವ ದಾರಿಯಿಂದ ಬಂತು, ಯಾರಿಗೆ ದಕ್ಕಿತು, ಯಾರಿಗೆ ಇನ್ನೂ ದಕ್ಕಿಲ್ಲ ಎಂಬುದನ್ನು ನೋಡದೆ ಸಂತೋಷಪಟ್ಟು ಸುಮ್ಮನಾಗಬಾರದೆಂಬ ಕಾರಣಕ್ಕೆ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ದಾರಿಯ ವಿಷಯ ಮೊದಲು. ಹಾಸನಕ್ಕೆ ತಾಂತ್ರಿಕ ಶಿಕ್ಷಣ ಹೊಸದಲ್ಲ. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ. 1982ರಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹ ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋಯಿತು, ಮರುವರ್ಷದ ಇನ್ಸಾಟ್-1ಬಿ ನೆಲೆನಿಂತಿತು, ದೂರದರ್ಶನ ದೇಶದ ಮೂಲೆ ಮೂಲೆಗೆ ತಲುಪಲು ಅದೂ ಒಂದು ಕಾರಣವಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು ರಾಗಿ, ಆಲೂಗಡ್ಡೆ ಬೆಳೆಯುವ ನಮ್ಮ ಸೀಮೆಯಲ್ಲಿ ಕುಳಿತು ನಡೆಸುತ್ತಾರೆ ಎಂಬ ಸಂಗತಿ ಇಲ್ಲಿನ ಒಂದು ತಲೆಮಾರಿನ ಮಕ್ಕಳಿಗೆ ಮನೆಮಾತಾಗಿತ್ತು. ಸಾಲಗಾಮೆ ರಸ್ತೆಯಲ್ಲಿ ಓಡಾಡುವಾಗ ಕಾಣುವ ಆ ದೊಡ್ಡ ಆಂಟೆನಾಗಳು ಎಷ್ಟು ಮಕ್ಕಳನ್ನು ಭೌತವಿಜ್ಞಾನದ ಕಡೆಗೆ ಎಳೆದಿರಬಹುದೆಂದು ಎಣಿಸಿದವರಿಲ್ಲ, ಆದರೆ ಅವುಗಳ ಪ್ರಭಾವ ದೊಡ್ಡದೆಂದೇ ನಾನು ನಂಬಿದ್ದೇನೆ.

ಆದರೂ ಊರಿನ ಮನಸ್ಸನ್ನು ನಿರ್ಣಾಯಕವಾಗಿ ತಿರುಗಿಸಿದ್ದು ಆಂಟೆನಾ ಅಲ್ಲ, ಸಾಫ್ಟ್‌ವೇರ್ ಉದ್ಯೋಗದ ಸಂಬಳ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಕಂಪನಿಗಳು ಎಂಜಿನಿಯರುಗಳನ್ನು ಸಾವಿರಗಟ್ಟಲೆ ಸೇರಿಸಿಕೊಳ್ಳತೊಡಗಿದಾಗ, ಅಲ್ಲಿಯವರೆಗೆ ‘ಪುಸ್ತಕದ ಹುಳು’, ‘ಯಾರ ಜೊತೆಯೂ ಬೆರೆಯದವನು’ ಎನ್ನಿಸಿಕೊಂಡಿದ್ದ ಹುಡುಗ ಮದುವೆಯ ಮಾತುಕತೆಗಳಲ್ಲಿ ಬೇಡಿಕೆಯ ವರನಾದ. ಬೇರೆ ದೇಶಗಳಲ್ಲಿಯೂ ಹೆಚ್ಚು ಕಡಿಮೆ ಹೀಗೆಯೇ ನಡೆಯಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಕೇವಲ ಹವ್ಯಾಸಕ್ಕಾಗಿ ಬರೆಯುತ್ತಿದ್ದೇನೆ ಎಂದು ಹೇಳಿಕೊಂಡು ಹಂಚಿದ ಲಿನಕ್ಸ್ ಎಂಬ ತಂತ್ರಾಂಶದ ತಿರುಳೇ ಇಂದು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿದೆ. ಮನೆಯ ಮೂಲೆಯಲ್ಲಿ ಕುಳಿತು ಮಾಡಿದ ಕೆಲಸ ಲೋಕದ ವ್ಯವಹಾರವನ್ನೇ ಹೊತ್ತುಕೊಂಡ ಮೇಲೆ ಲೋಕವೂ ಅವರನ್ನು ಗೌರವದಿಂದ ಕಂಡಿತು.

ಹೀಗೆ ಬಂದ ಗೌರವಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಮಗ ರಾತ್ರಿಯೆಲ್ಲ ಕೋಡ್ ಬರೆದರೆ ಒಪ್ಪುವ ಮನೆಯೇ, ಅದೇ ಮಗ ರಾತ್ರಿಯೆಲ್ಲ ದೀಪದ ಕೆಳಗೆ ಬಿಳಿ ಬಟ್ಟೆ ಕಟ್ಟಿ ಪತಂಗಗಳನ್ನು ಎಣಿಸುತ್ತ ಕುಳಿತರೆ, ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಕೇಳುತ್ತದೆ. ಅಂದರೆ ನಾವು ಒಪ್ಪಿಕೊಂಡದ್ದು ಗೀಳಿನ ಫಲವನ್ನೇ ಹೊರತು ಗೀಳನ್ನಲ್ಲ. ಯಾವ ಗೀಳು ಫಲ ಕೊಡುತ್ತದೆ, ಯಾವಾಗ ಕೊಡುತ್ತದೆ ಎಂದು ಮುಂಚಿತವಾಗಿ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಕೊಡದೆಯೂ ಹೋಗಬಹುದು, ಕೊಡದಿದ್ದರೂ ಅದಕ್ಕೆ ಬೆಲೆಯಿದೆ ಎಂಬುದು ನನ್ನ ವಾದ.

ನಾಸಿಕದ ಹತ್ತಿರದ ದೇವಲಾಲಿಯಲ್ಲಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಶಾಲಾ ಶಿಕ್ಷಕರಿದ್ದರು. 1905ರಲ್ಲಿ ಹುಟ್ಟಿದವರು, ಗಣಿತದಲ್ಲಿ ಸ್ನಾತಕೋತ್ತರ ಪದವಿ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆಯೂ ಇರಲಿಲ್ಲ. ಸಂಖ್ಯೆಗಳನ್ನು ತಿರುವಿ, ಕೂಡಿ, ಕಳೆದು, ಅವುಗಳೊಳಗಿನ ವಿನ್ಯಾಸಗಳನ್ನು ಹುಡುಕುವುದೊಂದೇ ಅವರಿಗೆ ಲೋಕವಾಗಿತ್ತು. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿಗಳ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಒಮ್ಮೆ, ಏರಿಕೆಯ ಕ್ರಮದಲ್ಲಿ ಒಮ್ಮೆ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೀಗೆಯೇ ಮಾಡುತ್ತ ಹೋಗಿ. ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ನೀವು 6174ಕ್ಕೆ ಬಂದು ನಿಲ್ಲುತ್ತೀರಿ, ಅಲ್ಲಿಂದ ಮುಂದಕ್ಕೆ ಹೋಗಲಾಗುವುದಿಲ್ಲ. ನಮ್ಮ ಊರಿಗೆ ಉಪಗ್ರಹ ಕೇಂದ್ರ ಬಂದ ವರ್ಷವನ್ನೇ ತೆಗೆದುಕೊಳ್ಳೋಣ. 1982ರ ಅಂಕಿಗಳಿಂದ 9821, ಅದರಿಂದ 1289 ಕಳೆದರೆ 8532. ಅದರಿಂದ 2358 ಕಳೆದರೆ 6174. ಎರಡೇ ಹೆಜ್ಜೆ. ಸಭೆಯಲ್ಲಿರುವ ಮಕ್ಕಳು ತಮ್ಮ ಹುಟ್ಟಿದ ವರ್ಷವನ್ನು ಹಿಡಿದು ಈಗಲೇ ಲೆಕ್ಕ ಮಾಡಿ ನೋಡಬಹುದು. ನಾನು ಮಾತಾಡುತ್ತಿರುವಾಗ ಲೆಕ್ಕದಲ್ಲಿ ಮುಳುಗಿದ್ದಾರೆಂದು ಯಾರ ಮೇಲೂ ಕೋಪಿಸಿಕೊಳ್ಳುವುದಿಲ್ಲ.

1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಕಾಪ್ರೇಕರ್ ಇದನ್ನು ಮುಂದಿಟ್ಟರು. ಅವರ ಕೆಲಸವನ್ನು ನಮ್ಮ ದೇಶದ ಅನೇಕ ಗಣಿತಜ್ಞರು ಹಗುರವಾಗಿ ಕಂಡರು. ಅದು ಆಟ, ಗಣಿತವಲ್ಲ ಎಂಬ ಭಾವನೆ ಬಲವಾಗಿತ್ತು. ಅವರು ಶಾಲೆಯಿಂದ ನಿವೃತ್ತರಾದದ್ದು 1962ರಲ್ಲಿ. ಲೋಕ ಅವರನ್ನು ಗುರುತಿಸಿದ್ದು 1975ರಲ್ಲಿ, ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಬಗ್ಗೆ ಬರೆದ ಮೇಲೆ. ಆಗ ಕಾಪ್ರೇಕರರಿಗೆ ಎಪ್ಪತ್ತು ವರ್ಷ. ಈಗ ಜಗತ್ತಿನ ಎಷ್ಟೋ ಶಾಲೆಗಳ ಮಕ್ಕಳು 6174ನ್ನು ಕಾಪ್ರೇಕರ್ ಸ್ಥಿರಾಂಕವೆಂದೇ ಕಲಿಯುತ್ತಾರೆ. ಈ ಸಂಖ್ಯೆಯಿಂದ ಯಾರಿಗೂ ಸಂಬಳ ಬರಲಿಲ್ಲ. ಮನುಷ್ಯನ ಬುದ್ಧಿಗೆ ಅದು ಕೊಟ್ಟ ಸಂತೋಷ ಮಾತ್ರ ನಿಜವಾದದ್ದು, ಮತ್ತು ಆ ಸಂತೋಷಕ್ಕೆ ಲೆಕ್ಕಪತ್ರದಲ್ಲಿ ಕಲಂ ಇಲ್ಲವೆಂದು ಅದನ್ನು ಕಡೆಗಣಿಸುವುದು ಸರಿಯೆಂದು ನನಗೆ ತೋರುವುದಿಲ್ಲ.

ನಮ್ಮ ಸಮೀಪದ್ದೇ ಇನ್ನೊಂದು ಉದಾಹರಣೆಯಿದೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವನ್ನು ನಾವೆಲ್ಲ ಬಲ್ಲೆವು; ಚಾರ್ಮಾಡಿ ಘಾಟಿ ಇಳಿಯುವ ಮೊದಲು ಬಸ್ಸು ನಿಂತಾಗ ನೀರುದೋಸೆ ತಿಂದು ಮುಂದೆ ಹೋಗುತ್ತೇವೆ. ಪ್ರಾಣಿವಿಜ್ಞಾನದಲ್ಲಿ ಆ ಊರಿನ ಹೆಸರು ಒಂದು ಕಪ್ಪೆಯ ಮೂಲಕ ಶಾಶ್ವತವಾಗಿ ನಿಂತಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿವಿಜ್ಞಾನದ ಪ್ರಾಧ್ಯಾಪಕರಾಗಿದ್ದ, 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಆ ಕಪ್ಪೆಯನ್ನು ವಿವರಿಸಿದರು. ಅದಕ್ಕಿರುವ ವೈಜ್ಞಾನಿಕ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನಷ್ಟು ಚಿಕ್ಕ ಕಪ್ಪೆ. ಹಳ್ಳದ ಮೊರೆತದಲ್ಲಿ ಕೂಗು ಕೇಳಿಸದೇ ಹೋಗುವ ಜಾಗಗಳಲ್ಲಿ ಈ ಕುಲದ ಗಂಡು ಕಪ್ಪೆಗಳು ಹಿಂಗಾಲನ್ನು ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ ಬೀಸಿ ತೋರಿಸುತ್ತವೆ. ಹಾಗಾಗಿ ಅವುಗಳಿಗೆ ಕುಣಿಯುವ ಕಪ್ಪೆಗಳೆಂಬ ಹೆಸರು ಬಂದಿದೆ. 2014ರಲ್ಲಿ ಪಶ್ಚಿಮ ಘಟ್ಟಗಳಿಂದ ಇಂಥ ಹದಿನಾಲ್ಕು ಹೊಸ ಪ್ರಭೇದಗಳನ್ನು ಕಪ್ಪೆಗಳ ಸಂಶೋಧಕ ಎಸ್.ಡಿ. ಬಿಜು ಅವರ ತಂಡ ವಿವರಿಸಿತು. ಮಳೆಗಾಲದ ಹಳ್ಳದಲ್ಲಿ ಮೊಣಕಾಲವರೆಗೆ ನೀರಿನಲ್ಲಿ ನಿಂತು, ಜಿಗಣೆ ಕಚ್ಚಿಸಿಕೊಂಡು, ಒಂದು ಕಪ್ಪೆ ಕಾಲೆತ್ತುವುದನ್ನು ಗಂಟೆಗಟ್ಟಲೆ ಕಾಯಬಲ್ಲವರು ಇಲ್ಲದಿದ್ದರೆ, ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ ಏನಿದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಅಲ್ಲಿ ಏನಿದೆಯೆಂದು ತಿಳಿಯದವರು, ಹಳ್ಳ ಬತ್ತಿದಾಗ ಏನನ್ನು ಕಳೆದುಕೊಂಡೆವೆಂದೂ ತಿಳಿಯಲಾರರು.

ಈ ಮಾತು ಹೇಳುವಾಗ ಅದೇ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ನೆನಪು ಬಾರದಿರುವುದು ಸಾಧ್ಯವಿಲ್ಲ. ಗಾಳ ಹಾಕಿ ಮೀನು ಹಿಡಿಯುವುದು, ಹಕ್ಕಿಗಳ ಛಾಯಾಚಿತ್ರ, ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ನಡೆಸಿದ ಒತ್ತಾಯ, ಇವೆಲ್ಲವನ್ನೂ ನಾವು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರು ದೊಡ್ಡ ಲೇಖಕರಾಗಿದ್ದರಿಂದ ಆ ಆಸಕ್ತಿಗಳೂ ನಮಗೆ ದೊಡ್ಡದಾಗಿ ಕಂಡವು. ಅದೇ ತಲ್ಲೀನತೆ ಪಕ್ಕದ ಮನೆಯ ಹತ್ತನೇ ತರಗತಿಯ ಹುಡುಗನಲ್ಲಿ ಕಂಡಾಗ ನಾವು ಟ್ಯೂಷನ್ನಿನ ಮಾತು ತೆಗೆಯುತ್ತೇವೆ.

ಕಾಮಿಕ್ಸ್, ಅನಿಮೆ, ಸೂಪರ್‌ಹೀರೋ ಕಥೆಗಳ ಅಭಿಮಾನದ ಬಗ್ಗೆ ಹಿರಿಯರಲ್ಲಿರುವ ಅಸಮಾಧಾನ ಇನ್ನೊಂದು ಬಗೆಯದು: ಇದು ನಮ್ಮದಲ್ಲ, ಹೊರಗಿನಿಂದ ಬಂದ ಹುಚ್ಚು ಎನ್ನುತ್ತಾರೆ. ಶೃಂಗೇರಿ, ಕೊಪ್ಪದ ಕಡೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಯನ್ನು ಕೇಳಿದವರು ಈ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕು. ವಾಲಿಯನ್ನು ಮರೆಯಿಂದ ಕೊಂದದ್ದು ಧರ್ಮವೇ, ಕರ್ಣನಿಗೆ ತನ್ನ ಹುಟ್ಟು ತಿಳಿದ ಮೇಲೂ ಅವನು ದುರ್ಯೋಧನನ ಪಕ್ಷದಲ್ಲಿ ಉಳಿದದ್ದು ನಿಷ್ಠೆಯೇ ಅಥವಾ ಹಠವೇ ಎಂದು ಅರ್ಥಧಾರಿಗಳು ನಡುರಾತ್ರಿಯವರೆಗೆ ವಾದಿಸುತ್ತಾರೆ, ಪ್ರೇಕ್ಷಕರು ಹಿಂದಿನ ವರ್ಷದ ವಾದದೊಂದಿಗೆ ಈ ವರ್ಷದ್ದನ್ನು ಹೋಲಿಸಿ ತೀರ್ಪು ಕೊಡುತ್ತಾರೆ. ಒಂದು ಕಥಾಲೋಕವನ್ನು ಅಷ್ಟು ಆಳವಾಗಿ ಮೈಗೂಡಿಸಿಕೊಂಡು, ಅದರ ಪಾತ್ರಗಳು ಪಕ್ಕದ ಮನೆಯವರೇ ಎಂಬಂತೆ ಅವರ ನಡತೆಯನ್ನು ಚರ್ಚಿಸುವ ಸಂಸ್ಕಾರ ನಮ್ಮಲ್ಲಿ ಬಹಳ ಹಳೆಯದು. ಇಂದಿನ ಹುಡುಗರು ಜಪಾನಿನ ಕಥೆಯೊಂದರ ನಾಯಕನ ಕುರಿತು ಅಷ್ಟೇ ತೀವ್ರವಾಗಿ ವಾದಿಸಿದರೆ, ಅದರ ಹಿಂದಿರುವ ಶಕ್ತಿಯೂ ಇದೇ ಎಂದು ಗುರುತಿಸುವುದು ನಮಗೆ ಕಷ್ಟವಾಗಬಾರದು.

ಚಿತ್ರಕಥೆಗಳ ವಿಷಯದಲ್ಲಂತೂ ಕನ್ನಡ ಹಿಂದೆ ಉಳಿದ ಭಾಷೆಯಲ್ಲ. ಅಮರ ಚಿತ್ರ ಕಥೆಯ ಸಂಪಾದಕ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲಿಕೆಯ ಮೊದಲ ಹತ್ತು ಪುಸ್ತಕಗಳು ಅರವತ್ತರ ದಶಕದ ನಡುವೆ ಬಂದದ್ದು ಕನ್ನಡದಲ್ಲಿ. ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪಗಳವು. ಇಂಗ್ಲಿಷಿನಲ್ಲಿ ಮೊದಲು ಬಂದ ಕೃಷ್ಣನ ಕಥೆಗೆ 11ನೆಯ ಸಂಖ್ಯೆ ಬಿದ್ದದ್ದು ಆ ಕಾರಣದಿಂದ. ಇಷ್ಟು ಒಳ್ಳೆಯ ಆರಂಭವಿದ್ದೂ ಮುಂದಿನ ದಶಕಗಳಲ್ಲಿ ಕನ್ನಡದ ಮಗುವಿಗೆ ತನ್ನ ಭಾಷೆಯಲ್ಲಿ ವಿಜ್ಞಾನದ ಸಾಕ್ಷ್ಯಚಿತ್ರಗಳಾಗಲಿ ಹೊರನಾಡಿನ ಕಥೆಗಳಾಗಲಿ ತೆರೆಯ ಮೇಲೆ ಸಿಗದಂತಾದದ್ದಕ್ಕೆ ಡಬ್ಬಿಂಗ್ ಮೇಲಿದ್ದ ಅಘೋಷಿತ ನಿಷೇಧ ಮುಖ್ಯ ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ಪರಿಸ್ಥಿತಿ ನಿಧಾನವಾಗಿ ಸಡಿಲಗೊಂಡಿತು. ಡಬ್ಬಿಂಗನ್ನು ವಿರೋಧಿಸಿದವರ ಕಾಳಜಿ ಕನ್ನಡದ ಕಲಾವಿದರ ಬದುಕಿನ ಬಗ್ಗೆ ಇತ್ತು ಎಂಬುದನ್ನು ನಾನು ಗೌರವಿಸುತ್ತೇನೆ. ಆದರೆ ಆ ವರ್ಷಗಳಲ್ಲಿ ಡೈನೊಸಾರುಗಳನ್ನೂ ಗ್ರಹಗಳನ್ನೂ ಇಂಗ್ಲಿಷ್ ಬಲ್ಲ ಮನೆಯ ಮಕ್ಕಳಷ್ಟೇ ಪ್ರೀತಿಸಬಹುದೆಂಬ ಸ್ಥಿತಿ ಉಂಟಾಯಿತು, ಗೀಳು ಒಂದು ವರ್ಗದ ಸೊತ್ತಾಯಿತು.

ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ಮೇಳ ನಡೆಯುತ್ತಿದೆ. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ರೈಲುಮಾರ್ಗ ತೆರೆದ ಮೇಲೆ ನಮ್ಮ ಹುಡುಗರು ಅಲ್ಲಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದಾಗಿದೆ. ಚೀಲದಲ್ಲಿ ಮೆಚ್ಚಿನ ಪಾತ್ರದ ವೇಷ ತುಂಬಿಕೊಂಡು ಹೋಗಿ ಅಲ್ಲಿ ತೊಟ್ಟುಕೊಳ್ಳುವ ಮಕ್ಕಳು, ಅದನ್ನು ತಮ್ಮ ಮನೆಯಿಂದಲೇ ತೊಟ್ಟು ಹೊರಡುವ ದಿನ ಇನ್ನೂ ಬಂದಿಲ್ಲ. ಜಪಾನಿನಲ್ಲಿಯೂ ಇಂಥ ಅಭಿಮಾನಿಗಳನ್ನು, ಅಲ್ಲಿಯವರು ಒಟಾಕು ಎನ್ನುವವರನ್ನು, ಸಮಾಜ ಬಹುಕಾಲ ಅನುಮಾನದಿಂದಲೇ ನೋಡಿತು. 1989ರಲ್ಲಿ ಮಕ್ಕಳ ಸರಣಿ ಕೊಲೆಗಳ ಆರೋಪಿಯೊಬ್ಬನ ಕೋಣೆಯಲ್ಲಿ ಸಿಕ್ಕ ವಿಡಿಯೊ ಸಂಗ್ರಹವನ್ನು ಪತ್ರಿಕೆಗಳು ಎತ್ತಿ ತೋರಿಸಿದ ಮೇಲೆ ನಿರಪರಾಧಿಗಳಾದ ಲಕ್ಷಾಂತರ ತರುಣರ ಮೇಲೆ ಆ ಕಳಂಕ ಹರಡಿತು. ಮುಂದೆ ಅದೇ ದೇಶದ ಸರ್ಕಾರ ಅನಿಮೆಯನ್ನು ರಾಷ್ಟ್ರದ ಹೆಮ್ಮೆಯಾಗಿ ಹೊರದೇಶಗಳಿಗೆ ಒಯ್ದಿತು. ಅಲ್ಲಿಯೂ ಒಪ್ಪಿಗೆ ಬಂದದ್ದು ವ್ಯಾಪಾರದ ದಾರಿಯಿಂದಲೇ.

ಇನ್ನು ಹೆಣ್ಣುಮಕ್ಕಳ ವಿಷಯ. ನನಗೆ ಅತ್ಯಂತ ಕಳವಳ ತರುವುದು ಇದು. ಆಕಾಶ ನೋಡಲು ರಾತ್ರಿ ಬೇಕು, ಕಪ್ಪೆ ನೋಡಲು ರಾತ್ರಿಯ ಜೊತೆಗೆ ಮಳೆಯೂ ಬೇಕು, ಹಕ್ಕಿ ನೋಡಲು ಬೆಳಕು ಹರಿಯುವ ಮೊದಲೇ ತೋಟ ದಾಟಿ ಹೋಗಬೇಕು. ಈ ಮೂರು ಹೊತ್ತಿನಲ್ಲೂ ಹುಡುಗಿ ಮನೆಯೊಳಗಿರಬೇಕೆಂದು ನಾವು ಬಯಸುತ್ತೇವೆ. ಹೀಗಾಗಿ ಅವಳ ಆಸಕ್ತಿಯನ್ನು ಯಾರೂ ಬಾಯಿಬಿಟ್ಟು ನಿಷೇಧಿಸದಿದ್ದರೂ ಅದು ಹನ್ನೆರಡು ಹದಿಮೂರನೇ ವಯಸ್ಸಿಗೆ ತಾನಾಗಿಯೇ ಒಣಗುತ್ತದೆ, ಒಣಗಿದ ಮೇಲೆ ಹೆಣ್ಣುಮಕ್ಕಳಿಗೆ ಇಂಥವುಗಳಲ್ಲಿ ಆಸಕ್ತಿ ಕಡಿಮೆ ಎಂದು ನಾವೇ ಹೇಳುತ್ತೇವೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ರೇಡಿಯೊ ಪರಿಣತೆ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರಿನಲ್ಲಿದ್ದರು. ಅಂಡಮಾನಿನಿಂದ ಹವ್ಯಾಸಿ ರೇಡಿಯೊ ಪ್ರಸಾರ ನಡೆದು ಹಲವು ವರ್ಷಗಳಾಗಿದ್ದವು. ಜಗತ್ತಿನ ಹವ್ಯಾಸಿಗಳೊಂದಿಗೆ ಅಲ್ಲಿಂದ ಮಾತಾಡುವುದಷ್ಟೇ ಅವರ ಉದ್ದೇಶವಾಗಿತ್ತು. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿ ದ್ವೀಪಗಳ ದೂರವಾಣಿ ಸಂಪರ್ಕ ಕಡಿದಾಗ ಅವರ ರೇಡಿಯೊ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿತು, ಮುಂದಿನ ದಿನಗಳಲ್ಲಿ ದ್ವೀಪಗಳಲ್ಲಿ ಸಿಕ್ಕಿಕೊಂಡವರ ಕ್ಷೇಮಸಮಾಚಾರ ಈ ತಂಡದ ಮೂಲಕ ಅವರ ಮನೆಗಳನ್ನು ತಲುಪಿತು. ಅಲ್ಲಿಗೆ ಹೊರಡುವ ಮುನ್ನ ಇಂಥ ಪ್ರಯಾಣದಿಂದ ಏನು ಪ್ರಯೋಜನ ಎಂದು ಕೇಳಿದ್ದರೆ ಅವರಾದರೂ ಏನು ಹೇಳಬಹುದಿತ್ತು? ಕಾಫಿ ನಾಡಿನವರಾದ ನಾವು ಸುನಾಲಿನಿ ಮೆನನ್ ಅವರ ಹೆಸರನ್ನೂ ನೆನೆಯಬೇಕು. ಕಾಫಿಯ ರುಚಿಪರೀಕ್ಷೆ ಗಂಡಸರದೇ ಕೆಲಸವಾಗಿದ್ದ ಕಾಲದಲ್ಲಿ ಕಾಫಿ ಮಂಡಳಿಯಲ್ಲಿ ಆ ವಿದ್ಯೆಯನ್ನು ಸಾಧಿಸಿ, ಬಟ್ಟಲಿನ ಒಂದು ಗುಟುಕಿನಿಂದ ಬೀಜದ ಗುಣದೋಷ ಹೇಳಬಲ್ಲವರೆಂದು ಅವರು ಜಗತ್ತಿನಾದ್ಯಂತ ಹೆಸರಾದರು.

ಮನ್ನಣೆ ಪಡೆದವರ ಹೊಣೆಯ ಬಗ್ಗೆಯೂ ಒಂದು ಮಾತು. ನಿನ್ನೆಯವರೆಗೆ ಹಾಸ್ಯಕ್ಕೆ ಗುರಿಯಾಗಿದ್ದವರು ಇಂದು ತಮ್ಮ ಗುಂಪಿನ ಬಾಗಿಲಲ್ಲಿ ನಿಂತು, ಹೊಸಬರನ್ನು ‘ನೀನು ನಿಜವಾದ ಅಭಿಮಾನಿಯೇ’ ಎಂದು ಪರೀಕ್ಷಿಸುವುದನ್ನು ನೋಡುತ್ತೇವೆ. 2014ರಲ್ಲಿ ಅಮೆರಿಕದಲ್ಲಿ ವಿಡಿಯೊ ಗೇಮ್ ರಚಿಸುವ, ಅವುಗಳ ಬಗ್ಗೆ ಬರೆಯುವ ಮಹಿಳೆಯರ ಮೇಲೆ ಅಂತರ್ಜಾಲದಲ್ಲಿ ಸಂಘಟಿತವಾಗಿ ಬೆದರಿಕೆಗಳ ಮಳೆ ಸುರಿಯಿತು. ಸಭೆಯಲ್ಲಿರುವ ತರುಣರಿಗೆ ನನ್ನ ವಿನಂತಿ ಇಷ್ಟೇ: ನಿಮ್ಮ ಕ್ಲಬ್ಬಿಗೆ ಏನೂ ತಿಳಿಯದ ಹುಡುಗಿಯೊಬ್ಬಳು ಬಂದರೆ ಅವಳಿಗೆ ಪ್ರಶ್ನೆ ಕೇಳಬೇಡಿ, ಕುರ್ಚಿ ಕೊಡಿ.

ವಿಡಿಯೊ ಗೇಮುಗಳ ಕುರಿತು ಪೋಷಕರಿಗಿರುವ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ, 2022ರಿಂದ ಆ ವರ್ಗೀಕರಣ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಇನ್ನೊಂದೆಡೆ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮುಗಳನ್ನು, ಕ್ರೀಡೆಯ ವ್ಯಾಪ್ತಿಗೆ ತಂದಿತು, 2025ರ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸನ್ನು ಅದರಿಂದ ಬೇರೆಯಾಗಿಟ್ಟಿತು. ಗೀಳು ಮತ್ತು ಚಟದ ನಡುವಿನ ವ್ಯತ್ಯಾಸವನ್ನು ಗುರುತಿಸಲು ನಾನು ಬಳಸುವ ಒರೆಗಲ್ಲು ಒಂದೇ. ಗೀಳಿರುವ ಮಗು ತನ್ನ ವಿಷಯದ ಬಗ್ಗೆ ಕೇಳಿದರೆ ಕಣ್ಣರಳಿಸಿ ಹೇಳುತ್ತದೆ, ತೋರಿಸುತ್ತದೆ, ಇನ್ನೊಬ್ಬರನ್ನು ಕರೆದುಕೊಳ್ಳುತ್ತದೆ. ಚಟಕ್ಕೆ ಸಿಕ್ಕ ಮಗು ಮುಚ್ಚಿಡುತ್ತದೆ, ಕೇಳಿದರೆ ಸಿಡುಕುತ್ತದೆ, ಆಟ ನಿಂತರೂ ಅದರ ಮನಸ್ಸು ಬೇರೆಡೆಗೆ ಹೋಗುವುದಿಲ್ಲ. ಫೋನು ಕಿತ್ತುಕೊಳ್ಳುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕುಳಿತು ಆ ಆಟ ಏನೆಂದು ಕೇಳಿ ತಿಳಿದುಕೊಂಡರೆ ಈ ಎರಡರಲ್ಲಿ ಯಾವುದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಕೊನೆಯದಾಗಿ, ಈ ಎಲ್ಲದಕ್ಕೂ ಒಂದು ಜಾಗ ಬೇಕು. ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ಕಷ್ಟವನ್ನು ಕೆ.ಪಿ. ರಾವ್ ಅವರಂಥವರು ಎಂದೋ ನೀಗಿದ್ದಾರೆ. ಅವರು ರೂಪಿಸಿ ಉಚಿತವಾಗಿ ಬಿಟ್ಟುಕೊಟ್ಟ ಕೀಲಿಮಣೆಯ ವಿನ್ಯಾಸವೇ ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಹಕ್ಕಿ, ಪತಂಗ, ಕಪ್ಪೆಗಳ ಚಿತ್ರ ಹಾಕಿದರೆ ಹೆಸರು ಹುಡುಕಿಕೊಡುವ ತಾಣಗಳು ಫೋನಿನಲ್ಲಿವೆ. ಆದರೆ ಕಾಫಿ ತೋಟದ ಲೈನು ಮನೆಯಲ್ಲಿರುವ, ಮನೆಗೊಂದೇ ಫೋನು ಇರುವ ಮಗುವಿಗೆ ಇವೆಲ್ಲ ಇದ್ದೂ ಇಲ್ಲ. ಶಾಲೆಗಳಲ್ಲಿ 2016ರ ನಂತರ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಒಳ್ಳೆಯ ಉಪಕರಣಗಳಿವೆ, ಆದರೆ ಹಾಳಾದರೆ ಯಾರು ಉತ್ತರ ಹೇಳುವುದೆಂಬ ಅಂಜಿಕೆಯಿಂದ ಅವನ್ನು ಬೀರುವಿನಲ್ಲೇ ಇಟ್ಟ ಶಾಲೆಗಳನ್ನು ನಾನು ಕಂಡಿದ್ದೇನೆ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಅವುಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು, ಈಗ ಅವನ್ನು ಅರಿವು ಕೇಂದ್ರಗಳೆನ್ನುತ್ತೇವೆ. ವಾರಕ್ಕೊಂದು ಸಂಜೆ ಆ ಕೋಣೆಯನ್ನು ಗೀಳಿನ ಮಕ್ಕಳಿಗೆ ಬಿಟ್ಟುಕೊಡಬೇಕೆಂಬುದು ನನ್ನ ಬೇಡಿಕೆ. ಅಲ್ಲಿ ಪಾಠ ಬೇಡ, ಸ್ಪರ್ಧೆ ಬೇಡ, ಬಹುಮಾನವೂ ಬೇಡ. ಒಬ್ಬ ಚದುರಂಗ ತರಲಿ, ಇನ್ನೊಬ್ಬಳು ತಾನು ಬರೆದ ಚಿತ್ರಕಥೆ ತರಲಿ, ಮತ್ತೊಬ್ಬ ಡಬ್ಬಿಯಲ್ಲಿ ಕಂಬಳಿಹುಳು ತಂದು ಸಂಜೆ ಮುಗಿದ ಮೇಲೆ ಹಿಡಿದ ಗಿಡದ ಮೇಲೇ ಬಿಟ್ಟುಬರಲಿ.

ಒಬ್ಬ ತಾಯಿ ಕೇಳಿದರು: ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ನೀಟ್ ಪರೀಕ್ಷೆಯಿದೆ, ದಿನವೂ ಅನಿಮೆಯ ಪಾತ್ರಗಳನ್ನು ಬಿಡಿಸುತ್ತ ಕೂರುತ್ತಾಳೆ, ಬೇಡವೆನ್ನುವುದು ತಪ್ಪೇ? ಪರೀಕ್ಷೆಯ ವರ್ಷದಲ್ಲಿ ಹೊತ್ತನ್ನು ಮಿತಿಗೊಳಿಸುವುದು ತಪ್ಪಲ್ಲ, ಆದರೆ ಪೂರ್ತಿ ನಿಲ್ಲಿಸಬೇಡಿ ಎಂದು ಹೇಳಿದೆ. ದಿನಕ್ಕೆ ಅರ್ಧ ಗಂಟೆ ಅವಳದ್ದೇ ಆಗಿರಲಿ, ಆ ಅರ್ಧ ಗಂಟೆಯನ್ನು ಅಂಕಗಳಿಗೆ ಬಹುಮಾನವಾಗಿ ಕೊಡುವುದೂ ಬೇಡ, ಕಡಿಮೆ ಅಂಕಕ್ಕೆ ಶಿಕ್ಷೆಯಾಗಿ ಕಿತ್ತುಕೊಳ್ಳುವುದೂ ಬೇಡ. ಬಿಡಿಸಿದ ಹಾಳೆಗಳನ್ನು ರದ್ದಿಗೆ ಹಾಕದೆ ಒಂದು ಕಡತದಲ್ಲಿ ದಿನಾಂಕ ಬರೆದು ಇಡಿ. ಕೈ ಹೇಗೆ ಪಳಗಿದೆ ಎಂಬುದು ನಿಮಗೇ ಕಾಣುತ್ತದೆ.

ಇನ್ನೊಂದು ಪ್ರಶ್ನೆ ಗ್ರಾಮ ಪಂಚಾಯಿತಿಯ ಗ್ರಂಥಪಾಲಕರದು: ಸಂಜೆ ಹೊತ್ತು ಕೇಂದ್ರ ತೆರೆದಿಡಲು ತಮ್ಮೊಬ್ಬರಿಂದ ಆಗದು, ದುರ್ಬೀನು, ಸೂಕ್ಷ್ಮದರ್ಶಕದಂಥ ಸಾಮಾನು ಕಳೆದುಹೋದರೆ ಜವಾಬ್ದಾರಿ ಯಾರದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಊರಿನ ಇಬ್ಬರು ಶಿಕ್ಷಕರು ಮತ್ತು ಕನಿಷ್ಠ ಒಬ್ಬ ತಾಯಿ ಸರದಿಯ ಮೇಲೆ ಬರಲು ಒಪ್ಪಿದರೆ ಮಾತ್ರ ಶುರುಮಾಡಿ. ತಾಯಿಯೊಬ್ಬರು ಇದ್ದರೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂಜರಿಯುವುದಿಲ್ಲ. ಕೋಣೆಗೆ ಎರಡನೆಯ ಬೀಗದ ಕೈ ಮಾಡಿಸಿ, ಅದು ಯಾರ ಬಳಿ ಇದೆಯೆಂದು ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿ. ಸಾಮಾನು ಕೊಟ್ಟು ತೆಗೆದುಕೊಳ್ಳುವ ಪುಸ್ತಕವನ್ನು ಮಕ್ಕಳೇ ಬರೆಯಲಿ. ವರ್ಷದಲ್ಲಿ ಒಂದೆರಡು ಸಾಮಾನು ಮುರಿಯುತ್ತವೆ, ಕಳೆಯುತ್ತವೆ. ಆ ಮೊತ್ತವನ್ನು ಪತ್ರಿಕೆ ತರಿಸುವ ಖರ್ಚಿನ ಹಾಗೆಯೇ ವರ್ಷದ ಆರಂಭದಲ್ಲಿ ಅಂದಾಜಿಗೆ ಸೇರಿಸಿಟ್ಟರೆ ಮಾರ್ಚಿನಲ್ಲಿ ಯಾರೂ ಯಾರಿಗೂ ವಿವರಣೆ ಕೊಡಬೇಕಾಗುವುದಿಲ್ಲ.